ಒಂದೇ ದ್ರಾಕ್ಷಿಯ ಬೆನ್ನು ಹತ್ತಿ: ಲೋಡೈ ಕೊಯ್ಲಿನಲ್ಲಿ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಲೋಡೈಗೆ ಜಿನ್‌ಫೆಂಡೆಲ್ ಅನ್ನುವ ಕೆಂಪು ವೈನಿನ ದ್ರಾಕ್ಷಿಗಾಗಿ ಹೋಗುತ್ತೇನೆ ಅಂದಾಗ, "ದಿನವಿಡೀ ಅದೊಂದನ್ನೇ ರುಚಿ ನೋಡ್ತೀಯಾ? ಅದಕ್ಕೆ ಅಷ್ಟು ದೂರ ಡ್ರೈವಾ?" ಅಂತ ನಕ್ಕವರೇ ಜಾಸ್ತಿ. ಅಮಲೇರದಿರಲಿ ಅಂತ ದುಡ್ಡು ಕೊಟ್ಟ ವೈನನ್ನು ಉಗಿಯುತ್ತೇನೆ ಅಂದಾಗಂತೂ ನಮ್ಮ ಫ್ರೀಮಾಂಟ್ ಗೆಳೆಯರು ಹಣೆ ಚಚ್ಚಿಕೊಂಡರು. ಮೂರು ವರ್ಷ ದುಡ್ಡು ಸುಟ್ಟುಕೊಂಡು, ನಾಲ್ಕನೇ ವರ್ಷ ಗೆದ್ದೆ.

ಮೊದಲ ಸಲ ಸೋತಿದ್ದು ವೈನಿಗೆ ಹೆಸರಾದ ನಾಪಾ ಕಣಿವೆಯಲ್ಲಿ. ಅಕ್ಟೋಬರ್ ತಿಂಗಳ ಶನಿವಾರ, ಹೈವೇ 29ರ ತುಂಬ ಕಾರು. ಆರು ವೈನರಿ ಮುಗಿಸುವ ಲೆಕ್ಕ ಹಾಕಿದ್ದೆವು. ಮೂರನೆಯದಕ್ಕೇ ನಾಲಿಗೆ ಮರಗಟ್ಟಿತು. ಕೆಂಪು ವೈನುಗಳಲ್ಲಿ ಮೆರ್ಲೋ ಯಾವುದು, ಕ್ಯಾಬರ್ನೆ ಯಾವುದು ಒಂದೂ ತಿಳಿಯಲಿಲ್ಲ. ಟೇಸ್ಟಿಂಗ್ ಫೀ, ಊಟ, ನಾಲ್ಕು ಬಾಟಲಿ ಸೇರಿ ಐನೂರು ಡಾಲರ್ ಹತ್ತಿರ ಹೋಯಿತು. ಆ ಬಾಟಲಿಗಳನ್ನೂ ಡಿಕ್ಕಿಯಲ್ಲೇ ಬಿಟ್ಟು ಊಟಕ್ಕೆ ಕೂತೆವು. ಬಿಸಿಲಿಗೆ ಎರಡರ ಕಾರ್ಕ್ ಮೇಲೆದ್ದಿತ್ತು. ಮರುವರ್ಷ ಫಿಲ್ಟರ್ ಕಾಫಿ ಕುಡಿದು, ಪುಳಿಯೋಗರೆ ತಿಂದು ಹೊರಟೆ. ಆ ದಿನ ಕುಡಿದ ಪಿನೋ ನುವಾರ್ ಅನ್ನುವ ಕೆಂಪು ವೈನಿನ ಬಗ್ಗೆ ನನಗೆ ನೆನಪಿರುವುದು ಹುಣಸೆಹುಳಿ ಮಾತ್ರ.

ಆಮೇಲೆ ಹೊಳೆಯಿತು. ಬಾಟಲಿ ವರ್ಷವಿಡೀ ಸಿಗುತ್ತದೆ. ಹಣ್ಣು, ಹುದುಗುತ್ತಿರುವ ರಸ, ಪೀಪಾಯಿಯ ಎಳೆ ವೈನ್, ಬಾಟಲಿ, ಈ ನಾಲ್ಕೂ ಒಂದೇ ದಿನ ಸಿಗುವುದು ಕೊಯ್ಲಿನಲ್ಲಿ ಮಾತ್ರ. ಹಾಗಾದರೆ ಒಂದೇ ತಳಿಯ ಬೆನ್ನು ಹತ್ತಿದರೆ ಸಾಲದೇ, ಹತ್ತರ ಹಿಂದೆ ಯಾಕೆ ಓಡಬೇಕು?

ಲೋಡೈ ಆರಿಸಿದ್ದು ಮೊದಲು ದುಡ್ಡಿಗಾಗಿ, ಆಮೇಲೆ ಹಳೆಯ ಬಳ್ಳಿಗಾಗಿ. ಮಂಗಳವಾರ ಬೆಳಿಗ್ಗೆ ಹೊರಟರೆ ಆಲ್ಟಮಾಂಟ್ ಬೆಟ್ಟದ ದಾರಿಯಲ್ಲಿ ಆಫೀಸಿನ ಟ್ರಾಫಿಕ್ಕೆಲ್ಲ ಎದುರಿನಿಂದ ಬರುತ್ತದೆ. ಸಂಜೆ ವಾಪಸ್ ಬರುವಾಗಲೂ ಅಷ್ಟೇ. ಕಾರು ಓಡಿಸುವುದು ನನ್ನ ಹೆಂಡತಿ. ಅವಳು ಕುಡಿಯುವುದಿಲ್ಲ, ಆದರೆ ಮೂಗು ನನಗಿಂತ ಚುರುಕು.

ಮೊದಲ ಕೆಲಸ ತೋಟದಲ್ಲಿ, ಕೇಳಿಯೇ ಒಳಗೆ ಹೋಗಬೇಕು. ತಂತಿಯಿಲ್ಲದೆ ಪೊದೆಯಂತೆ ನಿಂತ ಮುದಿ ಬಳ್ಳಿಗಳು, ಕಾಲ ಕೆಳಗೆ ಮರಳುಮಣ್ಣು. ಜಿನ್‌ಫೆಂಡೆಲ್‌ನ ತರಲೆ ಇದು: ಒಂದೇ ಗೊಂಚಲಲ್ಲಿ ಹಸಿರು ಕಾಯಿಯೂ ಮಾಗಿದ ಹಣ್ಣೂ ಒಣದ್ರಾಕ್ಷಿಯೂ. ಮೂರನ್ನೂ ಬೇರೆಬೇರೆಯಾಗಿ ಅಗಿಯಿರಿ. ಬೀಜ ಕಂದಾಗಿ ಕರುಮ್ ಅಂದರೆ ಹಣ್ಣಾಗಿದೆ ಅಂತ ಅರ್ಥ. ರಸದ ಸಕ್ಕರೆ 25 ಬ್ರಿಕ್ಸ್ (ಸಕ್ಕರೆಯ ಅಳತೆ) ಮುಟ್ಟಿದರೆ ಆಲ್ಕೋಹಾಲ್ ಶೇ 15ರ ಆಸುಪಾಸಿಗೆ ಬರುತ್ತದೆ ಅನ್ನುವುದು ನನಗೆ ಲೆಕ್ಕದಲ್ಲಿ ಗೊತ್ತಿತ್ತು, ನಾಲಿಗೆಗೆ ಗೊತ್ತಾದದ್ದು ಅವತ್ತೇ.

ಆಮೇಲೆ ವೈನರಿಯಲ್ಲಿ, ರಸ ಹುದುಗುವ ಟ್ಯಾಂಕಿನ ಹತ್ತಿರ. ಕೊಯ್ಲಿನಲ್ಲಿ ವೈನರಿಯವರಿಗೆ ಉಸಿರಾಡಲೂ ಬಿಡುವಿಲ್ಲ, ಆದರೂ ನನ್ನನ್ನು ಒಳಗೆ ಬಿಡುತ್ತಾರೆ. ಹೇಗೆ ಅನ್ನುವುದು ನನ್ನಲ್ಲೇ ಇರಲಿ. ಮೂಗು ಟ್ಯಾಂಕಿನ ಬಾಯಿಗೆ ಒಡ್ಡಬೇಡಿ. ನಾನು ಒಡ್ಡಿದೆ, ಇಂಗಾಲದ ಡೈಆಕ್ಸೈಡ್ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಮೂರನೇ ದಿನದ ರಸ ಅರ್ಧ ಸಿಹಿ, ಅರ್ಧ ಚುರುಚುರು. ಪೀಪಾಯಿಯಲ್ಲಿ ಹೋದ ವರ್ಷದ್ದು ಮರದ ವಾಸನೆ ಹೊಡೆಯುತ್ತದೆ. ಕೊನೆಗೆ ಬಾಟಲಿ. ಆ ಹೊತ್ತಿಗೆ ಒಣದ್ರಾಕ್ಷಿಯ ಘಾಟು ಗ್ಲಾಸಿನಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಲ್ಲೆ. ಎಲ್ಲವನ್ನೂ ಉಗಿದೆ, ಕೊನೆಯ ಎರಡು ಗುಟುಕು ಬಿಟ್ಟು.

ಖರ್ಚು? ಎರಡೇ ವೈನರಿ. ಒಂದು ಕಡೆ ಬಾಟಲಿ ಕೊಂಡಿದ್ದಕ್ಕೆ ಟೇಸ್ಟಿಂಗ್ ಫೀ ಬಿಟ್ಟರು. ಪೆಟ್ರೋಲ್, ಮೂರು ಬಾಟಲಿ ಸೇರಿ ನೂರಾ ನಲವತ್ತೋ ಐವತ್ತೋ ಡಾಲರ್ ಆಯಿತು. ಬಾಟಲಿಗೆ ಐಸ್‌ಬಾಕ್ಸ್ ಒಯ್ದಿದ್ದೆ.

ಉಮೇದಿನಲ್ಲಿ ನಾನೇ ವೈನ್ ಮಾಡೋಣ ಅಂತ ಸುಮಾರು ಇಪ್ಪತ್ತು ಕಿಲೋ ಹಣ್ಣು ತಂದು ಗರಾಜಿನ ಬಕೆಟ್ಟಿನಲ್ಲೂ ಹಾಕಿದೆ. ಮೇಲೆ ತೇಲುವ ಸಿಪ್ಪೆಯನ್ನು ದಿನಕ್ಕೆರಡು ಸಲ ಒತ್ತಬೇಕಿತ್ತು. ಕೆಲಸದ ಗಡಿಬಿಡಿಯಲ್ಲಿ ಮೂರು ದಿನ ಮರೆತೆ. ಅಪ್ಪಟ ವಿನಿಗರ್ ಆಯಿತು. ನುಸಿ ಓಡಿಸಲು ಒಂದು ವಾರ ಬೇಕಾಯಿತು.

ಊಟದ ಜೊತೆಗಿನ ಪ್ರಯೋಗದಲ್ಲಿ ಮಾತ್ರ ಗೆದ್ದೆ. ಖಾರದ ಕೋಡುಬಳೆಗೆ ಜಿನ್‌ಫೆಂಡೆಲ್ ಕುಡಿದರೆ ಬಾಯಿಗೆ ಬೆಂಕಿ, ಆಲ್ಕೋಹಾಲ್ ಖಾರವನ್ನು ಇನ್ನೂ ಎಬ್ಬಿಸುತ್ತದೆ. ಬಿಸಿಬೇಳೆಬಾತಿಗೆ ಆಂಡರ್ಸನ್ ವ್ಯಾಲಿಯ ಬಿಳಿ ವೈನ್ ಗೆವುರ್ಟ್ಸ್‌ಟ್ರಾಮಿನರ್, ಸ್ವಲ್ಪ ಸಿಹಿ ಇರುವುದು, ಚೆನ್ನಾಗಿ ತಣ್ಣಗೆ ಮಾಡಿ. ಹಣೆ ಚಚ್ಚಿಕೊಂಡ ಗೆಳೆಯರಲ್ಲೊಬ್ಬನೇ ಎರಡು ಸಲ ಬಡಿಸಿಕೊಂಡ.

ಈ ಸಲ ಅಮಡೋರ್ ಕೌಂಟಿಯ ಬಾರ್ಬೇರಾ ಅನ್ನುವ ದ್ರಾಕ್ಷಿಯ ಹಿಂದೆ ಬಿದ್ದಿದ್ದೇನೆ. ಕಾರಿನಲ್ಲಿ ಒಂದೇ ಸೀಟು ಖಾಲಿ, ಅದಕ್ಕೆ ಈಗಾಗಲೇ ಮೂವರು ಕೇಳಿದ್ದಾರೆ.