ಸಿಎಎಸ್ ಬಡ್ತಿಯ ಕಡತ: ವಿಭಾಗದ ಅಧ್ಯಕ್ಷರು ಏನು ಮಾಡಬೇಕು, ಯಾವಾಗ ಮಾಡಬೇಕು

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಂತೆ ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಸಿಎಎಸ್ (ಕೆರಿಯರ್ ಅಡ್ವಾನ್ಸ್‌ಮೆಂಟ್ ಸ್ಕೀಮ್, ಅಂದರೆ ವೃತ್ತಿ ಮುನ್ನಡೆ ಯೋಜನೆ) ಬಡ್ತಿ ಕೊಡುವಾಗ ವಿಭಾಗದ ಅಧ್ಯಕ್ಷರು ಸಮಿತಿಯಲ್ಲಿ ಕೂರುತ್ತಾರೆ, ವಿಭಾಗದ ದಾಖಲೆಗಳನ್ನೂ ದೃಢೀಕರಿಸುತ್ತಾರೆ. ಹೆಚ್ಚು ಹೊಣೆಯಿರುವುದು ಎರಡನೆಯ ಕೆಲಸದಲ್ಲಿ. ಅಧ್ಯಕ್ಷಗಿರಿ ಸರದಿಯ ಮೇಲೆ ಬದಲಾಗುವ ಕಡೆ ಒಂದೇ ಅರ್ಜಿಯ ಅವಧಿಯಲ್ಲಿ ಇಬ್ಬರು ಮೂವರು ಅಧ್ಯಕ್ಷರು ಬಂದುಹೋಗಿರುತ್ತಾರೆ. ಆದ್ದರಿಂದ ಆಯಾ ವರ್ಷದ ಮೌಲ್ಯಮಾಪನ ವರದಿಗೆ ಆ ವರ್ಷವೇ ಸಹಿ ಬೀಳಬೇಕು. ಹಳೆಯ ಸಹಿಗಾಗಿ ನಿವೃತ್ತರ ಮನೆ ಬಾಗಿಲಿಗೆ ಹೋಗುವ ಪಾಡು ಯಾವ ಅಧ್ಯಾಪಕರಿಗೂ ಬರಬಾರದು.

ಸೆಮಿಸ್ಟರ್ ಆರಂಭದಲ್ಲೇ ಕೆಲಸದ ಹಂಚಿಕೆಯನ್ನು ಲಿಖಿತ ಆದೇಶವಾಗಿ ಹೊರಡಿಸಿ. ಬೋಧನೆಯ ಶ್ರೇಣಿ ನಿಲ್ಲುವುದು ಇದರ ಮೇಲೆ: ವಹಿಸಿದ ತರಗತಿಗಳಲ್ಲಿ ಶೇ. 80 ಅಥವಾ ಹೆಚ್ಚು ತೆಗೆದುಕೊಂಡಿದ್ದರೆ ‘ಉತ್ತಮ’, 70ರಿಂದ 80ರೊಳಗೆ ‘ತೃಪ್ತಿಕರ’, ಅದಕ್ಕಿಂತ ಕಡಿಮೆಯಾದರೆ ‘ತೃಪ್ತಿಕರವಲ್ಲ’. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ವರ್ಷಕ್ಕೆ 30 ವಾರ ಎಂದರೆ 480 ಗಂಟೆ; ‘ಉತ್ತಮ’ಕ್ಕೆ 384 ಬೇಕು. ಟ್ಯುಟೋರಿಯಲ್, ಲ್ಯಾಬ್ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಹಂಚಿಕೆಯ ಆದೇಶವೇ ಇಲ್ಲದಿದ್ದರೆ ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬಲ್ಲೇ ತಕರಾರು ಶುರುವಾಗುತ್ತದೆ.

ಅತಿ ದೊಡ್ಡ ಅನ್ಯಾಯ ನಡೆಯುವುದು ರಜೆಯ ಲೆಕ್ಕದಲ್ಲಿ. ಪೂರ್ವಾನುಮತಿ ಪಡೆದ ಹೆರಿಗೆ ರಜೆ, ಶಿಶುಪಾಲನಾ ರಜೆ, ಅಧ್ಯಯನ ರಜೆ, ನಿಯೋಜನೆ ಇವನ್ನೆಲ್ಲ ಹೊರಗಿಟ್ಟು, ಉಳಿದ ಅವಧಿಯ ಸಾಧನೆಯನ್ನು ಇಡೀ ಅವಧಿಗೆ ಅನ್ವಯಿಸಬೇಕು. ಒಂದು ಸೆಮಿಸ್ಟರ್ ಹೆರಿಗೆ ರಜೆಯಲ್ಲಿದ್ದವರು ಇನ್ನೊಂದರಲ್ಲಿ 240ಕ್ಕೆ 204 ತರಗತಿ ತೆಗೆದುಕೊಂಡಿದ್ದರೆ ಅದು ಶೇ. 85, ‘ಉತ್ತಮ’. ಅದನ್ನೇ 480ರಿಂದ ಭಾಗಿಸಿದರೆ 42.5 ಬಂದು ಆ ವರ್ಷವೇ ಕೈತಪ್ಪುತ್ತದೆ. ಗುಮಾಸ್ತರು ಹಾಕಿದ ಲೆಕ್ಕವನ್ನು ಕಣ್ಣುಮುಚ್ಚಿ ಒಪ್ಪದೆ ರಜೆ ಆದೇಶದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ವಾರ್ಷಿಕ ಮೌಲ್ಯಮಾಪನದಲ್ಲಿ ಬೋಧನೆಯ ನಂತರದ ಎರಡನೆಯ ಅಂಶ ಪರೀಕ್ಷಾ ಕೆಲಸ, ವಿಚಾರ ಸಂಕಿರಣ, ಸಂಶೋಧನಾ ಮಾರ್ಗದರ್ಶನ, ಆಡಳಿತದ ಹೊಣೆ ಮೊದಲಾದ ಚಟುವಟಿಕೆಗಳದ್ದು. ಮೂರಿದ್ದರೆ ‘ಉತ್ತಮ’, ಒಂದೆರಡಿದ್ದರೆ ‘ತೃಪ್ತಿಕರ’. ಹೊಣೆಗಳನ್ನು ಬಾಯಿಮಾತಿನಲ್ಲಿ ವಹಿಸಬೇಡಿ, ಕಚೇರಿ ಆದೇಶ ಕೊಡಿ. ಕಿರಿಯರಿಗೂ ಸರದಿ ಸಿಗುವಂತೆ ಹಂಚುವುದು ನಿಮ್ಮ ಕೈಯಲ್ಲೇ ಇದೆ.

ಅರ್ಜಿ ಬಂದಾಗ ಸಂಶೋಧನಾ ಅಂಕವನ್ನು ನೀವೇ ಒಮ್ಮೆ ಕೂಡಿ ನೋಡಿ. ಸಹ ಪ್ರಾಧ್ಯಾಪಕ ಹುದ್ದೆಗೆ (ವೇತನ ಹಂತ 13ಎ) ಕನಿಷ್ಠ 70, ಪ್ರಾಧ್ಯಾಪಕ ಹುದ್ದೆಗೆ (ಹಂತ 14) 110 ಬೇಕು. ಅದೂ ಸಂಶೋಧನಾ ಸಾಧನೆಯ ಆರು ವರ್ಗಗಳಲ್ಲಿ ಕನಿಷ್ಠ ಮೂರರಿಂದ ಬಂದಿರಬೇಕು. ಬರೀ ಲೇಖನಗಳಿಂದ 110 ದಾಟಿದರೂ ಸಾಲದು. ಇಬ್ಬರು ಬರೆದ ಲೇಖನಕ್ಕೆ ತಲಾ ಶೇ. 70, ಇಬ್ಬರಿಗಿಂತ ಹೆಚ್ಚಿದ್ದರೆ ಪ್ರಧಾನ ಲೇಖಕರಿಗೆ 70, ಉಳಿದವರಿಗೆ ತಲಾ 30. ಅಂದರೆ 20 ಅಂಕದ ಲೇಖನದಲ್ಲಿ ಮೂರನೆಯ ಹೆಸರಿನವರಿಗೆ ದಕ್ಕುವುದು 6. ಪೂರ್ತಿ 20 ಬರೆದುಕೊಂಡ ಅರ್ಜಿ ಸಮಿತಿಯ ಮುಂದೆ ಕುಸಿಯುತ್ತದೆ.

ಸಹಾಯಕ ಪ್ರಾಧ್ಯಾಪಕರ 11 ಮತ್ತು 12ನೇ ವೇತನ ಹಂತಗಳಿಗೆ ಪರಿಶೀಲನಾ ಸಮಿತಿ ಸಾಕು: ಕುಲಪತಿ ಅಥವಾ ಅವರು ಹೆಸರಿಸಿದವರು, ಡೀನ್, ವಿಭಾಗದ ಅಧ್ಯಕ್ಷರು, ಒಬ್ಬ ವಿಷಯ ತಜ್ಞರು. ಅದರ ಮೇಲಿನ ಹಂತಗಳಿಗೆ ಆಯ್ಕೆ ಸಮಿತಿ. ಅಲ್ಲಿ ಕಡತದಲ್ಲಿರುವುದನ್ನಷ್ಟೇ ಮಾತಾಡಿ. ವರ್ಷವರ್ಷವೂ ‘ಉತ್ತಮ’ ಎಂದು ಸಹಿ ಹಾಕಿ ಸಮಿತಿಯಲ್ಲಿ ‘ಸರಿಯಾಗಿ ಪಾಠ ಮಾಡುವುದಿಲ್ಲ’ ಎಂದರೆ ಅದು ಅಧ್ಯಾಪಕರಿಗೆ ಮಾಡುವ ದ್ರೋಹ; ದೂರಿದ್ದರೆ ಆ ವರ್ಷವೇ ಲಿಖಿತವಾಗಿ ತಿಳಿಸಿ ಉತ್ತರ ಪಡೆದಿರಬೇಕು. ಅರ್ಜಿದಾರರು ಬಂಧುವಾಗಿದ್ದರೆ, ಅಥವಾ ಅದೇ ಸುತ್ತಿನಲ್ಲಿ ನೀವೂ ಅರ್ಜಿ ಹಾಕಿದ್ದರೆ, ದಿನಾಂಕ ನಿಗದಿಯಾಗುವ ಮುನ್ನವೇ ಕುಲಸಚಿವರಿಗೆ ಪತ್ರ ಬರೆದು ದೂರ ಸರಿಯಿರಿ.

ಅರ್ಜಿ ಕೊಟ್ಟ ದಿನದಿಂದ ಆರು ತಿಂಗಳೊಳಗೆ ಪ್ರಕ್ರಿಯೆ ಮುಗಿಯಬೇಕೆಂದು ನಿಯಮವಿದೆ. ಮೊದಲ ಸಲವೇ ಗೆದ್ದವರಿಗೆ ಅರ್ಹತೆಯ ದಿನದಿಂದಲೇ ಬಡ್ತಿ. ಸೋತು ಮುಂದೆ ಗೆದ್ದವರಿಗೆ, ಗೆದ್ದ ಆ ನಂತರದ ಮೌಲ್ಯಮಾಪನದ ದಿನದಿಂದ. ಈ ಅಂತರ ಸಂಬಳದಲ್ಲೂ ಮುಂದಿನ ಬಡ್ತಿಯಲ್ಲೂ ಉಳಿದುಬಿಡುತ್ತದೆ. ಹಾಗಾಗಿ ಕೊರತೆಯಿರುವ ಅರ್ಜಿಯನ್ನು ಮೇಜಿನ ಮೇಲೆ ಇಟ್ಟುಕೊಳ್ಳದೆ, ಏನೇನು ಬೇಕೆಂದು ಪಟ್ಟಿ ಬರೆದು ವಾರದೊಳಗೆ ಹಿಂದಿರುಗಿಸಿ, ಸ್ವೀಕೃತಿಯ ಸಹಿ ಪಡೆಯಿರಿ.