ಐದು ತಿಂಗಳಲ್ಲಿ ಹೂದಾನಿ ತುಂಬಿಸಿ: ಚಳಿನಾಡಿನ ಹಿತ್ತಲಿಗೊಂದು ಯೋಜನೆ

ಅಮೆರಿಕದ ಮಿನೆಸೋಟಾದಂಥ ಚಳಿ ರಾಜ್ಯದಲ್ಲಿದ್ದು, ಹೂದಾನಿಗೆ ಬೇಕಾದ ಹೂವನ್ನು ಮನೆಯ ಹಿತ್ತಲಲ್ಲೇ ಬೆಳೆಯಬೇಕೆನ್ನುವವರು ಬೀಜ ತರಿಸುವ ಮೊದಲು ಎರಡು ದಿನಾಂಕಗಳನ್ನು ಗುರುತು ಹಾಕಿಕೊಳ್ಳಬೇಕು. ವಸಂತದ ಕೊನೆಯ ಫ್ರಾಸ್ಟ್ ಒಂದು, ಶರತ್ಕಾಲದ ಮೊದಲ ಫ್ರಾಸ್ಟ್ ಇನ್ನೊಂದು. ಇಬ್ಬನಿ ಹೆಪ್ಪುಗಟ್ಟಿ ಎಳೆಯ ಗಿಡ ಸುಟ್ಟಂತಾಗುವ ರಾತ್ರಿಗಳಿವು. ಮಿನಿಯಾಪೊಲಿಸ್ ಸುತ್ತಮುತ್ತ ಮೇ ಮಧ್ಯದವರೆಗೂ ಅದರ ಭಯ ಪೂರ್ತಿ ಹೋಗುವುದಿಲ್ಲ, ಅಕ್ಟೋಬರ್ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ನಡುವಿನ ಸುಮಾರು 5 ತಿಂಗಳಿಗೆ ಹೊಂದುವಂತೆ ಹಿಂದಕ್ಕೆ ಎಣಿಸುವುದೇ ಇಡೀ ಯೋಜನೆ.

ಜಾಗದ ಆಯ್ಕೆಯಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳುವುದೇನಿಲ್ಲ. ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು, ಎರಡೂ ಬದಿಯಿಂದ ಕೈಗೆ ಎಟುಕುವಂತೆ ಪಾತಿಯ ಅಗಲ 4 ಅಡಿ ಮೀರಬಾರದು. ಮೊದಲ ವರ್ಷಕ್ಕೆ ಅಂಥ ಒಂದೇ ಪಾತಿ ಸಾಕು.

ಎರಡನೆಯ ಹಂತ ಮಾರ್ಚ್‌ನಲ್ಲಿ, ಹೊರಗೆ ಹಿಮವಿರುವಾಗಲೇ, ಮನೆಯೊಳಗೆ ದೀಪದಡಿಯಲ್ಲಿ ಆರಂಭವಾಗುತ್ತದೆ. ತೆನೆಯಂತೆ ಉದ್ದಕ್ಕೆ ಹೂ ಬಿಡುವ ಸ್ನಾಪ್‌ಡ್ರ್ಯಾಗನ್ ಗಿಡದ ಬೀಜವನ್ನು ಕೊನೆಯ ಫ್ರಾಸ್ಟಿಗೆ 8ರಿಂದ 10 ವಾರ ಮೊದಲೇ ಚೆಲ್ಲಬೇಕು. ಧೂಳಿನಷ್ಟು ಸಣ್ಣದಾದ ಆ ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚದೆ ಮೆಲ್ಲಗೆ ಒತ್ತಿದರಾಯಿತು. ಬೆಂಗಳೂರಿನ ಆಸುಪಾಸಿನ ಹೊಲಗಳಲ್ಲಿ ಕಾಣುವ ಆಸ್ಟರ್ ಇಲ್ಲಿಗೂ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಅದಕ್ಕೆ ತಂಪೇ ಹಿತ. ಆದರೆ ಹೂವಾಗಲು ಮೂರೂವರೆ ತಿಂಗಳ ಹತ್ತಿರ ಹಿಡಿಯುವುದರಿಂದ 6ರಿಂದ 8 ವಾರ ಮುಂಚೆ ಒಳಗೇ ಸಸಿ ಮಾಡಿಕೊಳ್ಳಬೇಕು. ಒಂದು ಗಿಡದ ಹೂವೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಅರಳಿ ಮುಗಿಯುತ್ತದಾದ್ದರಿಂದ ಎರಡು ಕಂತಿನಲ್ಲಿ ಬಿತ್ತುವುದು ಲೇಸು. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಕಾರಣ ಮರುವರ್ಷ ಅದೇ ಜಾಗದಲ್ಲಿ ಆಸ್ಟರ್ ಹಾಕಲೇಬಾರದು. ನಮ್ಮವರು ಆಸೆಪಡುವ ಸೇವಂತಿಗೆಯ ಮಾತು ಬೇರೆ. ಹಗಲು ಕಿರಿದಾದ ಮೇಲೆ ಮೊಗ್ಗು ಕಟ್ಟುವ ಗಿಡವಾದ್ದರಿಂದ ತಡವಾಗಿ ಅರಳುವ ತಳಿಗಳು ಹೂ ಬಿಡುವ ಮೊದಲೇ ಫ್ರಾಸ್ಟಿಗೆ ಸಿಕ್ಕಿಬೀಳುತ್ತವೆ. ಬೇಗ ಅರಳುವ ತಳಿಯನ್ನೇ ಕೇಳಿ ತರಬೇಕು.

ಒಳಗೆ ಬೆಳೆದ ಸಸಿಯನ್ನು ಒಮ್ಮೆಲೇ ಹೊರಗೆ ನೆಡುವುದು ಸಲ್ಲದು. ಮೊದಲ ದಿನ ಒಂದೆರಡು ಗಂಟೆ ನೆರಳಿನಲ್ಲಿಟ್ಟು, ದಿನೇ ದಿನೇ ಹೊತ್ತು ಹೆಚ್ಚಿಸುತ್ತ, ವಾರ ಹತ್ತು ದಿನ ಗಾಳಿ ಬಿಸಿಲಿಗೆ ಒಗ್ಗಿಸಬೇಕು. ಹಾಗೆ ಒಗ್ಗಿದ ಸ್ನಾಪ್‌ಡ್ರ್ಯಾಗನ್ ಹಗುರವಾದ ಫ್ರಾಸ್ಟನ್ನು ತಡೆದುಕೊಳ್ಳುತ್ತದೆ. ಜಿನ್ನಿಯಾ, ಕಾಸ್ಮೊಸ್, ಸೂರ್ಯಕಾಂತಿಗಳಿಗೆ ಈ ಉಪಚಾರವೇ ಬೇಡ, ಮಣ್ಣು ಬೆಚ್ಚಗಾದ ಮೇಲೆ ನೇರವಾಗಿ ಪಾತಿಗೆ ಬಿತ್ತಬಹುದು. ಜಿನ್ನಿಯಾ ಗೇಣುದ್ದ ಬೆಳೆದಾಗ ನಡುವಿನ ಕುಡಿಯನ್ನು ಚಿವುಟಿದರೆ ಕವಲು ಹೆಚ್ಚಿ ಉದ್ದ ತೊಟ್ಟಿನ ಹೂ ಹೇರಳವಾಗಿ ಸಿಗುತ್ತದೆ. ಒಂದೇ ಕಾಂಡದ ಸೂರ್ಯಕಾಂತಿಯನ್ನು ಮಾತ್ರ ಚಿವುಟಬಾರದು. ಅದು ಒಂದೇ ಹೂ ಕೊಡುವುದರಿಂದ ಹತ್ತು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತಿರಬೇಕು.

ಹೂ ಕೊಯ್ಯಲು ಬೆಳಗಿನ ತಂಪು ಹೊತ್ತೇ ಸರಿ. ಜಿನ್ನಿಯಾ ಕೊಯ್ಲಿಗೆ ಬಂದಿದೆಯೇ ಎಂದು ತಿಳಿಯಲು ಹೂವಿನಿಂದ ಒಂದು ಗೇಣು ಕೆಳಗೆ ಕಾಂಡ ಹಿಡಿದು ಅಲ್ಲಾಡಿಸಬೇಕು: ಕತ್ತು ಬಳುಕಿದರೆ ಬಿಡಬೇಕು, ಕೋಲಿನಂತೆ ಸೆಟೆದು ನಿಂತರೆ ಕತ್ತರಿಸಬೇಕು. ಸ್ನಾಪ್‌ಡ್ರ್ಯಾಗನ್‌ಗೆ ತೆನೆಯ ಕೆಳಗಿನ ಮೂರನೆಯ ಒಂದು ಭಾಗ ಅರಳಿದ್ದರೆ ಸಾಕು. ಮಲೆನಾಡಿಗರ ಡೇರೆ ಹೂ, ಅಂದರೆ ಡೇಲಿಯಾ, ಕೊಯ್ದ ಮೇಲೆ ಹೆಚ್ಚು ಅರಳದ ಕಾರಣ ಮುಕ್ಕಾಲು ಪಾಲು ಬಿರಿದ ಮೇಲೆಯೇ ಕತ್ತರಿ ಹಾಕಬೇಕು.

ಡೇರೆಯ ಗೆಡ್ಡೆ ಇಲ್ಲಿನ ಚಳಿಗಾಲವನ್ನು ನೆಲದಲ್ಲಿ ಕಳೆಯಲಾರದು. ಅಕ್ಟೋಬರ್‌ನಲ್ಲಿ ಎಲೆ ಕಪ್ಪಾದ ಮೇಲೆ ಕಿತ್ತು, ಮಣ್ಣು ಕೊಡವಿ, ಹೆಪ್ಪುಗಟ್ಟದಷ್ಟು ತಣ್ಣಗಿರುವ ನೆಲಮಾಳಿಗೆಯಲ್ಲಿ ಮರದ ಹೊಟ್ಟಿನೊಳಗೆ ಇಡಬೇಕು. ಈ ಕೆಲಸ ಬೇಡವೆನ್ನುವವರು ಚಳಿಯೇ ಬೇಕಾದ, ವರ್ಷ ವರ್ಷವೂ ಚಿಗುರಿ ದೊಡ್ಡ ಹೂ ಬಿಡುವ ಪಿಯೋನಿ ಎಂಬ ಗಿಡವನ್ನು ನೆಡುವುದು ಜಾಣತನ. ಶರತ್ಕಾಲದಲ್ಲಿ ನೆಡುವಾಗ ಅದರ ಕೆಂಪು ಕಣ್ಣುಗಳು, ಅಂದರೆ ಬೇರಿನ ಮೇಲಿನ ಚಿಗುರುಮೊಗ್ಗುಗಳು, 2 ಇಂಚಿಗಿಂತ ಆಳಕ್ಕೆ ಹೋಗಬಾರದು, ಹೋದರೆ ಬರೀ ಎಲೆ ಬರುತ್ತದೆ. ಬೇರು ಬಲಿಯಲೆಂದು ಮೊದಲ ಎರಡು ವರ್ಷ ಹೂ ಕೊಯ್ಯದೆ ಬಿಡಬೇಕು. ಅದೇ ಹೊತ್ತಿಗೆ ಟ್ಯುಲಿಪ್ ಗೆಡ್ಡೆಗಳನ್ನು 6ರಿಂದ 8 ಇಂಚು ಆಳಕ್ಕೆ ಹೂಳಿ, ಅಳಿಲು ಬಗೆಯದಂತೆ ಮೇಲೊಂದು ತಂತಿ ಬಲೆ ಹಾಸಿ, ವಸಂತದಲ್ಲಿ ಮೊಳಕೆ ಕಂಡೊಡನೆ ಆ ಬಲೆಯನ್ನು ತೆಗೆಯಬೇಕು.