ಕಾಡು ಬರಿದಾಗದಂತೆ ಕಟ್ಟಡಕ್ಕೆ ಮರ ಆರಿಸುವುದು ಹೇಗೆ?

ನಾಟಾ ಅಂಗಡಿಗೆ ಹೋಗುವ ಮೊದಲು ಕಾಗದ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಮರ ಉಳಿಯುವುದು ಹೆಚ್ಚಾಗಿ ಅಲ್ಲೇ. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ, ಹೊಸ್ತಿಲಿಲ್ಲದ ಬಾಗಿಲ ಚೌಕಟ್ಟಿಗೆ ಒಟ್ಟು 17.5 ಅಡಿ ಉದ್ದದ ಮರ ಬೇಕು. ಅಗಲ, ದಪ್ಪಗಳನ್ನು ಇಂಚಿನಲ್ಲೂ ಉದ್ದವನ್ನು ಅಡಿಯಲ್ಲೂ ಹಿಡಿದು ಗುಣಿಸಿ, 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 5×3 ಇಂಚಿನ ಮರವಾದರೆ 1.82 ಘನ ಅಡಿ, 4×2.5 ಇಂಚಿನದಾದರೆ 1.22. ಒಳಕೋಣೆಯ ಹಗುರ ಬಾಗಿಲಿಗೆ ಎರಡನೆಯದು ಧಾರಾಳವಾಗಿ ಸಾಕು. ಮೂರರಲ್ಲೊಂದು ಪಾಲು ಮರ ಉಳಿಯಿತು. ಕೊಯ್ತದಲ್ಲೂ ತೋಪಡಾ ಹೊಡೆಯುವುದರಲ್ಲೂ ಪುಡಿಯಾಗಿ ಹೋಗುವುದಕ್ಕೆ ಶೇ 10ರಷ್ಟು ಸೇರಿಸಿಕೊಳ್ಳಿ.

ಆಮೇಲೆ ಪ್ರತಿ ತುಂಡೂ ಎಲ್ಲಿ ಕೂರುತ್ತದೆ ಎಂದು ಗುರುತು ಹಾಕಿ. ಮಳೆ ಬಡಿಯುವ ಕಡೆಗೆ ತೇಗದಂಥ ಮರದ ಚೇಗೇ, ಅಂದರೆ ನಡುವಿನ ಗಟ್ಟಿ ತಿರುಳೇ, ಬೇಕು. ಕಪಾಟಿನ ಒಳಗೆ, ಗೋಡೆಯ ಹಲಗೆಗೆ ಅದು ಬೇಡ. ಹಳೆಯ ಕಾಡುಮರವನ್ನು ಯಾರೂ ನೋಡದ ಕಪಾಟಿನ ಬೆನ್ನಿಗೆ ಬಡಿಯುವುದು ನಿಜಕ್ಕೂ ಸಂಕಟದ ಸಂಗತಿ. ಅಲ್ಲಿಗೆ ನೆಡುತೋಪಿನ ಅಕೇಶಿಯಾ, ಸಿಲ್ವರ್ ಓಕ್, ರಬ್ಬರ್ ಮರ ಚೆನ್ನಾಗಿ ಒದಗುತ್ತವೆ. ರಬ್ಬರ್ ಮರವನ್ನಂತೂ 25–30 ವರ್ಷಕ್ಕೆ, ಹಾಲು ಕಡಿಮೆಯಾದಾಗ, ಹೇಗೂ ಕಡಿಯುತ್ತಾರೆ. ಆದರೆ ಅದರಲ್ಲಿ ಪಿಷ್ಟ ಜಾಸ್ತಿ. ಕುಟ್ಟೆ ಹುಳುವಿಗೂ ನೀಲಿ ಬೂಷ್ಟಿಗೂ ಬೇಗ ತುತ್ತಾಗುತ್ತದೆ. ಕೊಯ್ದ ಕೂಡಲೇ ಇವನ್ನು ತಡೆಯುವ ಬೋರಾನ್ ಉಪಚಾರ ಆಗಿದೆಯೇ ಎಂದು ಕೇಳಿ. ಬೋರಾನ್ ನೀರಿಗೆ ತೊಳೆದುಹೋಗುವುದರಿಂದ ಈ ಮರ ಹೊರಗಡೆಗೆ ಸಲ್ಲದು.

ಯಾವ ಜಾತಿಯೇ ಆಗಲಿ, ಚೇಗಿನ ಸುತ್ತಲಿನ ಹೊರಪದರವಾದ ಬಿಳಿಮರಕ್ಕೆ ಬಾಳಿಕೆಯಿಲ್ಲ. ತುಂಡಿನ ಕೊನೆಯ ಕೊಯ್ತವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ: ನಡುವೆ ಗಾಢ ಬಣ್ಣದ ಚೇಗು, ಅಂಚಿನಲ್ಲಿ ಮಾಸಲು ಪಟ್ಟಿ ಎದ್ದು ಕಾಣುತ್ತವೆ. ಎಳೆಯ ತೋಪಿನ ತೇಗದಲ್ಲಿ ಆ ಪಟ್ಟಿ ಅಗಲವಾಗಿರುತ್ತದೆ, ಗೆದ್ದಲು ಹಿಡಿಯುವುದೂ ಅಲ್ಲಿಂದಲೇ.

ಇನ್ನು ಕಾಗದಪತ್ರ. ಹೆಚ್ಚಿನವರು ಮೋಸಹೋಗುವುದು ಇಲ್ಲಿ. ಕಾಡನ್ನು ಹೊಣೆಯರಿತು ಬಳಸಿ ತಂದ ಮರಕ್ಕೆ ಗುರುತು ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಸ್‌ಸಿ. ಗೋಡೆಗೆ ತೂಗುಹಾಕಿದ ಎಫ್‌ಎಸ್‌ಸಿ ಪ್ರಮಾಣಪತ್ರ ಆ ವ್ಯಾಪಾರಿಯ ಬಗ್ಗೆ ಹೇಳುತ್ತದೆ, ನೀವು ಕೊಳ್ಳುವ ಮರದ ಬಗ್ಗೆ ಅಲ್ಲ. ಬಿಲ್ಲಿನಲ್ಲೇ ಆ ಸರಕಿನ ಮುಂದೆ ‘ಎಫ್‌ಎಸ್‌ಸಿ 100%’, ‘ಮಿಕ್ಸ್’ ಅಥವಾ ‘ರೀಸೈಕಲ್ಡ್’ ಎಂದೂ, ಜೊತೆಗೆ ‘ಸಿಒಸಿ’ (ಚೈನ್ ಆಫ್ ಕಸ್ಟಡಿ, ಅಂದರೆ ಮರ ಕೈಬದಲಾದ ಸರಪಳಿ) ಎಂಬ ಅಕ್ಷರಗಳಿರುವ ಸಂಕೇತ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಎಫ್‌ಎಸ್‌ಸಿ ಜಾಲತಾಣದಲ್ಲಿ ಹುಡುಕಿ, ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ, ನೀವು ಕೊಳ್ಳುವ ಬಗೆಯ ಸರಕು ಅದರ ವ್ಯಾಪ್ತಿಯಲ್ಲಿದೆಯೇ ನೋಡಿ. ಕಾಡಿನಿಂದ ನಿಮ್ಮ ತನಕ ಮರ ಕೈಬದಲಾಗುವಾಗ ನಡುವೆ ಪ್ರಮಾಣಪತ್ರವಿಲ್ಲದವರೊಬ್ಬರು ಬಂದರೂ ಸರಪಳಿ ಅಲ್ಲಿಗೆ ತುಂಡಾಯಿತು. ಇಂಥದ್ದೇ ಇನ್ನೊಂದು ಸಂಸ್ಥೆಯಾಗಿ 1999ರಲ್ಲಿ ಶುರುವಾದ ಪಿಇಎಫ್‌ಸಿ ಗುರುತಿಗೂ ಇದೇ ಪರೀಕ್ಷೆ.

ಬಿಲ್ಲಿನಲ್ಲಿ ಮರದ ವೈಜ್ಞಾನಿಕ ಹೆಸರನ್ನೂ ಬರೆಸಿಕೊಳ್ಳಿ. ‘ಆಫ್ರಿಕನ್ ತೇಗ’ ತೇಗವೇ ಅಲ್ಲ. ಅದು ಇರೋಕೊ ಎಂಬ ಬೇರೆ ಮರ ಆಗಿರಬಹುದು, ಇಲ್ಲವೇ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಅಫ್ರೋರ್ಮೋಸಿಯಾ. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲಕ್ಕೆಲ್ಲ 2017ರಿಂದ ಸೈಟ್ಸ್ ನಿಯಂತ್ರಣವಿದೆ. ತೇಗಕ್ಕೆ ಕೇಳಬೇಕಾದ ಹೆಸರು ಟೆಕ್ಟೋನಾ ಗ್ರ್ಯಾಂಡಿಸ್.

ಹಸಿ ಮರ ತಂದರೆ ಇಷ್ಟೆಲ್ಲ ಎಚ್ಚರ ದಂಡ. ಒಳಕೆಲಸಕ್ಕೆ ತೇವ ಶೇ 8ರಿಂದ 12ರೊಳಗಿರಲಿ. 20 ದಾಟಿದರೆ ಬೂಷ್ಟು ಬೇರೂರುತ್ತದೆ. ತೇವ ಅಳೆಯುವ ಮೀಟರನ್ನು ತುಂಡಿನ ತುದಿಗೆ ಹಿಡಿಯಬೇಡಿ, ಅಲ್ಲಿ ಮೊದಲೇ ಒಣಗಿರುತ್ತದೆ. ತುದಿಯಿಂದ ಒಂದಡಿ ಒಳಕ್ಕೆ, ಮೂರು ಕಡೆ ಅಳೆಯಿರಿ. ಮೀಟರ್ ಇಲ್ಲದಿದ್ದರೆ ಒಂದು ಚೂರನ್ನು ತೂಗಿ, 103 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. 120 ಗ್ರಾಂ ಇದ್ದದ್ದು 100ಕ್ಕೆ ಬಂದರೆ ತೇವ ಶೇ 20; ಇಳಿದ ತೂಕವನ್ನು ಒಣಗಿದ ತೂಕದಿಂದ ಭಾಗಿಸಬೇಕು.

ಹಳೆ ಮನೆ ಕೆಡವಿದ ತೊಲೆ, ಜಂತೆ ಸಿಕ್ಕರೆ ಮೊದಲು ಅದನ್ನೇ ನೋಡಿ. ಹೊಸ ಮರ ಕಡಿಯುವ ಪ್ರಶ್ನೆಯೇ ಇಲ್ಲ, ಒಣಗಿಯೂ ಇರುತ್ತದೆ. ಗರಗಸಕ್ಕೆ ಕೊಡುವ ಮುನ್ನ ಲೋಹ ಪತ್ತೆ ಯಂತ್ರ ಓಡಿಸಿ ಮೊಳೆ ಕೀಳಿಸಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣದಾಗಿ ಉಜ್ಜಬೇಡಿ.

ಕೂರಿಸುವಾಗ ಚೌಕಟ್ಟಿನ ಕಾಲನ್ನು ನೇರ ಗಾರೆಯೊಳಗೆ ಹೂಳಬೇಡಿ. ಮರ ನೀರು ಹೀರುವುದು ಹೆಚ್ಚಾಗಿ ಕೊನೆಯ ಕೊಯ್ತದಿಂದ. ಅದಕ್ಕೆ ಎರಡು ಕೈ ಎಪಾಕ್ಸಿ ಬಳಿದು, ನೆಲದಿಂದ 10 ಮಿಲಿಮೀಟರ್ ಎತ್ತರಿಸಿ ನಿಲ್ಲಿಸಿ. ಉಳಿದ ಚೂರುಗಳಲ್ಲಿ ತಾಮ್ರ–ಕ್ರೋಮಿಯಂ–ಆರ್ಸೆನಿಕ್ ಉಪಚಾರದ ಹಸಿರು ಛಾಯೆಯವು ಇದ್ದರೆ ಬೇರೆ ಇಡಿ. ಅವನ್ನು ಒಲೆಗೆ ಹಾಕಬಾರದು. ಹೊಗೆ, ಬೂದಿ ಎರಡರಲ್ಲೂ ಆರ್ಸೆನಿಕ್ ಇರುತ್ತದೆ.